ಪರದೇಶಿಯೂ ಮನೆಯೊಡೆಯನೂ

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಪರದೇಶದಿಂದ ಬಂದವನು ಎಂಬುದು ಶಬ್ದದಿಂದಲೇ ದೊರಕುವ ಅರ್ಥ. ದಿಕ್ಕಿಲ್ಲದವನು, ತನ್ನವರೆಂಬವರು ಯಾರೂ ಇಲ್ಲದವನು ಎಂಬುದು ರೂಢಿಯಿಂದ ಬಂದ ಅರ್ಥ. ತಾಯಿತಂದೆಗಳನ್ನು ಕಳೆದುಕೊಂಡ ಕೂಸನ್ನು ಕಂಡು ಹಳ್ಳಿಯ ಮುದುಕಿಯು ‘ಪರದೇಶಿಯಾಯಿತು’ ಎಂದು ಮರುಗುವಾಗ ಆ ಕೂಸು ಹುಟ್ಟಿದ ಊರನ್ನು ಬಿಟ್ಟು ಕದಲಿಯೇ ಇರುವುದಿಲ್ಲ. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಬಂದು ಕೂಡಿದುದು ಆಕಸ್ಮಿಕವಲ್ಲ. ‘ಇವನನ್ನು ನಾನು ಬಲ್ಲೆ’ ಎಂದು ಹೇಳುವ ಬಾಯಿಯೊಂದು ಇಲ್ಲದಿರುವುದೇ ಅನಾಥತ್ವದ ಲಕ್ಷಣ. ಆ ಲಕ್ಷಣವು ಕೂಸಿನಲ್ಲಿಯೂ ಕಾಣಬಹುದು, ಕೈತುಂಬ ಸಂಬಳ ಪಡೆಯುವ ವಿದ್ಯಾವಂತನಲ್ಲಿಯೂ ಕಾಣಬಹುದು.

ಈ ಅನಾಥತ್ವವು ಅತ್ಯಂತ ತೀಕ್ಷ್ಣವಾಗಿ ಅನುಭವಕ್ಕೆ ಬರುವುದು ಪರದೇಶದ ಪಟ್ಟಣದಲ್ಲಿ ವಾಸಕ್ಕೆ ಮನೆ ಹುಡುಕುವಾಗ. ಅನ್ನವನ್ನು ಹಣ ಕೊಟ್ಟು ಕೊಳ್ಳಬಹುದು. ಅಂಗಡಿಯವನು ಕೊಳ್ಳುವವನ ಪೂರ್ವಾಪರವನ್ನು ವಿಚಾರಿಸುವುದಿಲ್ಲ. ಬಟ್ಟೆಯೂ ಹಾಗೆಯೇ. ಮನೆಯಾದರೋ ಹಣವೊಂದರಿಂದಲೇ ದೊರೆಯುವ ವಸ್ತುವಲ್ಲ. ಬಾಡಿಗೆಗೆ ಕೊಟ್ಟವನು ಕೊಟ್ಟ ಮೇಲೆಯೂ ಅದನ್ನು ತನ್ನದೆಂದೇ ತಿಳಿದಿರುತ್ತಾನೆ. ಹಿಡಿದವನು ತನ್ನದಲ್ಲದುದರಲ್ಲಿ ತನ್ನದೆಂಬಂತೆ ಬಾಳಬೇಕಾಗುತ್ತದೆ. ಆದಕಾರಣ ಇಲ್ಲಿ ನಾಣ್ಯದಷ್ಟೇ ವಿಶ್ವಾಸವೂ ಅವಶ್ಯಕ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಇಂದು ಇದ್ದಿದ್ದರೆ ‘ಪರದೇಶದಲ್ಲಿ ಮನೆ ಹಿಡಿದು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರು. ಅಪರಿಚಿತನಿಗೆ ಮನೆ ಕೊಡುವ ವಿಷಯದಲ್ಲಿ ಮನೆಯೊಡೆಯನ ಧರ್ಮವೇನು, ಕೇಳಿ ಬಂದವನ ಧರ್ಮವೇನು ಎಂಬುದೇ ಪ್ರಕೃತ ವಿಚಾರ. ಇದಕ್ಕೆ ಲಂಡನ್ ಪಟ್ಟಣವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅಲ್ಲಿ ಈ ಪ್ರಶ್ನೆಯು ಬೀದಿಯಲ್ಲಿಯೂ ನ್ಯಾಯಾಲಯದಲ್ಲಿಯೂ ಶಾಸನಸಭೆಯಲ್ಲಿಯೂ ಬಹುಕಾಲದಿಂದ ಚರ್ಚೆಗೆ ಬಂದಿದೆ. ಕನ್ನಡಿಗರೂ ಅನೇಕರು ಅಲ್ಲಿ ಹೋಗಿ ನೆಲೆಸಿದ್ದಾರೆ.

ಧಾರವಾಡದ ಕಡೆಯ ತರುಣನೊಬ್ಬನು ಉದ್ಯೋಗನಿಮಿತ್ತವಾಗಿ ಲಂಡನ್ನಿಗೆ ಹೋದನೆಂದು ಭಾವಿಸೋಣ. ಕೈಯಲ್ಲಿ ಉದ್ಯೋಗಪತ್ರವಿದೆ, ಸಂಬಳ ಒಳ್ಳೆಯದಿದೆ, ನಡತೆಯಲ್ಲಿ ಕುಂದಿಲ್ಲ. ಅವನು ದಲ್ಲಾಳಿಯ ಕಚೇರಿಗೆ ಹೋದೊಡನೆ ಪ್ರಶ್ನೆಗಳು ಆರಂಭವಾಗುತ್ತವೆ. ಹಿಂದಿನ ಮನೆಯೊಡೆಯನ ಪತ್ರವೆಲ್ಲಿ? ಅವನು ಇದುವರೆಗೆ ತಂದೆಯ ಮನೆಯಲ್ಲಿದ್ದವನು; ಅಂಥ ಪತ್ರವಿಲ್ಲ. ಸಾಲವನ್ನು ಕ್ರಮವಾಗಿ ತೀರಿಸಿದ ಚರಿತ್ರೆಯೆಲ್ಲಿ? ಆ ದೇಶದಲ್ಲಿ ಅವನು ಸಾಲವನ್ನೇ ಮಾಡಿಲ್ಲ. ಆದುದರಿಂದ ಚರಿತ್ರೆಯೂ ಇಲ್ಲ. ಸಾಲ ಮಾಡದಿರುವುದು ತವರಿನಲ್ಲಿ ಗುಣವೆನಿಸಿದ್ದುದು ಇಲ್ಲಿ ದೋಷವೆನಿಸಿತು! ವರ್ಷದ ವರಮಾನವು ತಿಂಗಳ ಬಾಡಿಗೆಯ ಮೂವತ್ತು ಪಟ್ಟು ಇರಬೇಕೆಂಬುದು ದಲ್ಲಾಳಿಗಳು ಸಾಮಾನ್ಯವಾಗಿ ಇಟ್ಟುಕೊಂಡ ಅಳತೆ. ಅದು ಸಾಲದಿದ್ದರೆ ಜಾಮೀನು ನಿಲ್ಲುವವರು ಬೇಕು. ಜಾಮೀನುದಾರನು ಆ ದೇಶದಲ್ಲಿಯೇ ಇದ್ದು, ಇನ್ನೂ ಹೆಚ್ಚು ವರಮಾನವುಳ್ಳವನಾಗಿರಬೇಕು. ಊರಿನಲ್ಲಿ ಹತ್ತು ಎಕರೆ ಹೊಲವುಳ್ಳ ತಂದೆಯ ಮಾತು ಅಲ್ಲಿ ನಡೆಯದು. ಬ್ಯಾಂಕಿನಲ್ಲಿ ಲೆಕ್ಕ ತೆರೆಯಹೋದರೆ ಅವರು ವಾಸದ ವಿಳಾಸಕ್ಕೆ ಪ್ರಮಾಣ ಕೇಳುತ್ತಾರೆ. ಮನೆ ಹಿಡಿಯಹೋದರೆ ಬ್ಯಾಂಕಿನ ಲೆಕ್ಕವನ್ನು ಕೇಳುತ್ತಾರೆ. ಮನೆಯಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ಮನೆಯಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂದು ಹೆಸರು. ಶಾಸ್ತ್ರದಲ್ಲಿ ಅದೊಂದು ದೋಷ. ಪರದೇಶಿಯ ಬಾಳಿನಲ್ಲಿ ಅದೇ ದಿನನಿತ್ಯದ ವ್ಯವಹಾರ.

ಇಲ್ಲಿ ಮನೆಯೊಡೆಯನ ಪಕ್ಷವನ್ನು ಮೊದಲು ಕೇಳುವುದು ನ್ಯಾಯ. ಅವನು ಹೀಗೆ ಹೇಳಬಹುದು: ‘ಈ ಮನೆ ಜೀವಮಾನದ ಗಳಿಕೆಯಿಂದ ಕಟ್ಟಿದುದು. ಇದರ ಮೇಲೆ ಇನ್ನೂ ಸಾಲವಿದೆ. ಒಕ್ಕಲು ಬಂದವನು ಬಾಡಿಗೆ ಕೊಡದೆ ಹೋದರೆ ಅವನನ್ನು ಬಿಡಿಸಲು ನ್ಯಾಯಾಲಯದಲ್ಲಿ ತಿಂಗಳುಗಟ್ಟಲೆ ಅಲೆಯಬೇಕು. ಅವನು ದೇಶ ಬಿಟ್ಟು ಹೊರಟುಹೋದರೆ ಹಿಡಿಯುವುದೆಲ್ಲಿ? ಅತಿಥಿಯನ್ನು ದೇವರೆಂದು ಕಾಣಬೇಕೆಂಬ ವಿಧಿಯುಂಟು, ಸರಿ. ಆದರೆ ಅತಿಥಿಯು ಬಂದು ಹೋಗುವವನು. ಬಾಡಿಗೆದಾರನು ಬಂದು ಇರುವವನು. ಅತಿಥಿಯಿಂದ ಹಣ ತೆಗೆದುಕೊಳ್ಳುವುದಿಲ್ಲ, ಬಾಡಿಗೆದಾರನಿಂದ ತೆಗೆದುಕೊಳ್ಳುತ್ತೇವೆ. ಇದು ವ್ಯಾಪಾರ. ವ್ಯಾಪಾರದಲ್ಲಿ ಪರೀಕ್ಷಿಸಿ ಕೊಡುವುದು ವಿವೇಕವೇ ಹೊರತು ಪಾಪವಲ್ಲ.’ ಈ ವಾದದಲ್ಲಿ ಸತ್ಯಾಂಶವಿದೆ. ಜರ್ಮನಿಯ ತತ್ತ್ವಜ್ಞಾನಿಯಾದ ಕಾಂಟನು 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದಾಗ ಇಂಥದೇ ಭೇದವನ್ನು ತೋರಿಸಿದ್ದಾನೆ. ಭೂಮಿಯು ಎಲ್ಲರಿಗೂ ಸಾಮಾನ್ಯವಾದುದರಿಂದ ಪರಸ್ಥಳದವನಿಗೆ ಬರುವ ಹಕ್ಕುಂಟು, ಬಂದವನನ್ನು ಶತ್ರುವಿನಂತೆ ಕಾಣತಕ್ಕದ್ದಲ್ಲ. ಆದರೆ ಒಬ್ಬರ ಮನೆಯಲ್ಲಿ ಅತಿಥಿಯಾಗಿ ನೆಲೆಸುವ ಹಕ್ಕು ವಿಶೇಷವಾದ ಒಪ್ಪಂದದಿಂದಲೇ ಬರತಕ್ಕದ್ದು ಎಂಬುದು ಅವನ ಅಭಿಪ್ರಾಯ.

ಇಷ್ಟನ್ನು ಒಪ್ಪಿದ ಮೇಲೆಯೂ ಪ್ರಶ್ನೆ ಉಳಿಯುತ್ತದೆ. ಪರೀಕ್ಷೆ ಮಾಡಬಹುದೇ ಎಂಬುದಲ್ಲ, ಎಂಥ ಪರೀಕ್ಷೆ ಮಾಡಬಹುದು ಎಂಬುದೇ ಆ ಪ್ರಶ್ನೆ. ನ್ಯಾಯವಾದ ಪರೀಕ್ಷೆಗೆ ಎರಡು ಲಕ್ಷಣಗಳಿರಬೇಕು. ಅದು ಮನುಷ್ಯನ ನಡತೆಯನ್ನು ಕೇಳಬೇಕು, ಹುಟ್ಟನ್ನು ಕೇಳಬಾರದು, ಇದು ಮೊದಲನೆಯದು. ಪರೀಕ್ಷೆಗೆ ನಿಂತವನು ಸತ್ಯವಂತನಾಗಿದ್ದರೆ ಅದರಲ್ಲಿ ತೇರ್ಗಡೆಯಾಗಲು ಸಾಧ್ಯವಿರಬೇಕು, ಇದು ಎರಡನೆಯದು. ಎಷ್ಟು ಒಳ್ಳೆಯವನಾದರೂ ದಾಟಲಾರದ ಪರೀಕ್ಷೆಯು ಪರೀಕ್ಷೆಯಲ್ಲ, ಅದೊಂದು ಗೋಡೆ. ಗೋಡೆಯನ್ನು ಕಟ್ಟಿ ಅದಕ್ಕೆ ಪರೀಕ್ಷೆಯೆಂದು ಹೆಸರಿಡುವುದು ಅಸತ್ಯ.

ಮೊದಲನೆಯ ಲಕ್ಷಣವು ತಪ್ಪಿದರೆ ಏನಾಗುವುದೆಂಬುದಕ್ಕೆ ಲಂಡನ್ನಿನ ಚರಿತ್ರೆಯೇ ಸಾಕ್ಷಿ. 1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಷ್’ ಎಂಬ ಹಡಗಿನಿಂದ ವೆಸ್ಟ್ ಇಂಡೀಸ್ ದ್ವೀಪಗಳ ಜನರು ಟಿಲ್ಬರಿ ಬಂದರಿನಲ್ಲಿ ಇಳಿದರು. ಅವರು ಬ್ರಿಟಿಷ್ ಪ್ರಜೆಗಳೇ. ಯುದ್ಧದಿಂದ ಜರ್ಜರಿತವಾದ ದೇಶಕ್ಕೆ ಕೆಲಸಗಾರರು ಬೇಕಾಗಿಯೂ ಇದ್ದರು. ಆದರೆ ಅವರಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ತಲೆಯಿಡಲು ಸ್ಥಳವಿರಲಿಲ್ಲ. ಕ್ಲಾಪಮ್ ಸೌತ್ ಎಂಬಲ್ಲಿ ಬಾಂಬು ದಾಳಿಯ ಕಾಲಕ್ಕೆಂದು ನೆಲದಡಿಯಲ್ಲಿ ಆಳವಾಗಿ ತೋಡಿದ್ದ ಆಶ್ರಯಸ್ಥಾನದಲ್ಲಿ ಅವರನ್ನು ತಂಗಿಸಿದರು. ಅಲ್ಲಿಗೆ ಸಮೀಪದ ಉದ್ಯೋಗ ಕಚೇರಿಯು ಬ್ರಿಕ್ಸ್‌ಟನ್ನಿನಲ್ಲಿದ್ದುದರಿಂದ ಅನೇಕರು ಆ ಭಾಗದಲ್ಲಿಯೇ ನೆಲೆ ಹುಡುಕಿದರು. ಮುಂದಿನ ವರ್ಷಗಳಲ್ಲಿ ಬಾಡಿಗೆಯ ಕೋಣೆಗಳನ್ನು ಕುರಿತು ಅಂಗಡಿಗಳ ಕಿಟಕಿಗಳಲ್ಲಿ ಅಂಟಿಸಿದ ಚೀಟಿಗಳಲ್ಲಿ ಕಪ್ಪು ಜನರಿಗೆ ಕೊಡುವುದಿಲ್ಲವೆಂದು ಬಹಿರಂಗವಾಗಿಯೇ ಬರೆದಿರುತ್ತಿತ್ತು. 1967ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಒಂದು ಉಪಾಯ ಮಾಡಿದರು. ಒಬ್ಬ ವೆಸ್ಟ್ ಇಂಡಿಯನ್, ಹಂಗೇರಿಯಲ್ಲಿ ಹುಟ್ಟಿದ ಒಬ್ಬ ಬಿಳಿಯ, ಒಬ್ಬ ಇಂಗ್ಲಿಷಿನವ, ಈ ಮೂವರನ್ನು ಒಬ್ಬರ ಹಿಂದೊಬ್ಬರಂತೆ ಅದೇ ಮನೆಗಳಿಗೆ ಕಳುಹಿಸಿದರು. ಹಂಗೇರಿಯವನೂ ಪರದೇಶಿಯೇ, ಅವನ ಮಾತಿನ ಧಾಟಿಯೂ ಬೇರೆಯೇ. ಆದರೂ ಬಾಗಿಲು ಮತ್ತೆ ಮತ್ತೆ ಮುಚ್ಚಿದುದು ಮೊದಲನೆಯವನಿಗೆ. ಅವರು ಹೆದರುತ್ತಿದ್ದುದು ಅಪರಿಚಿತತ್ವಕ್ಕಲ್ಲ, ಬಣ್ಣಕ್ಕೆ ಎಂಬುದು ಇದರಿಂದ ಬಯಲಾಯಿತು. 1968ರ ಜನಾಂಗ ಸಂಬಂಧಗಳ ಕಾಯಿದೆಯು ಮನೆ ಕೊಡುವುದರಲ್ಲಿ ಇಂಥ ಭೇದವನ್ನು ನಿಷೇಧಿಸಿತು. 1965ರ ಕಾಯಿದೆಯಲ್ಲಿ ಈ ಏರ್ಪಾಡು ಇರಲಿಲ್ಲ.

ಕಾಯಿದೆ ಬಂದೊಡನೆ ಮನಸ್ಸು ಮಾರ್ಪಡುವುದಿಲ್ಲ. 2017ರಲ್ಲಿ ಕೆಂಟ್ ಪ್ರಾಂತದ ಮನೆಯೊಡೆಯನೊಬ್ಬನು ಮಸಾಲೆಯ ಅಡುಗೆಯ ವಾಸನೆ ಮನೆಗೆ ಅಂಟಿಕೊಂಡು ಉಳಿಯುತ್ತದೆಂಬ ನೆಪದಿಂದ ಇಂಥ ಜನಾಂಗದವರಿಗೆ ಮನೆ ಕೊಡಬೇಡಿರೆಂದು ದಲ್ಲಾಳಿಗಳಿಗೆ ಅಪ್ಪಣೆ ಮಾಡಿದನು. ನ್ಯಾಯಾಲಯವು ಇದನ್ನು ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿತು. ಇಲ್ಲಿ ಸೂಕ್ಷ್ಮವಾದ ವಿವೇಚನೆ ಬೇಕು. ಮನೆಯನ್ನು ಶುಚಿಯಾಗಿಡಬೇಕೆಂದು ಕೇಳುವುದು ನಡತೆಯನ್ನು ಕುರಿತ ಮಾತು; ಅದನ್ನು ಯಾರಿಗೂ ಹೇಳಬಹುದು. ಒಂದು ಜನಾಂಗದವರೆಲ್ಲರೂ ಮನೆ ಕೆಡಿಸುವರೆಂದು ಹೇಳುವುದು ಹುಟ್ಟನ್ನು ಕುರಿತ ಮಾತು. ನಡತೆಯ ವೇಷ ತೊಟ್ಟು ಹುಟ್ಟಿನ ಪ್ರಶ್ನೆ ಬರುವುದೇ ಹೆಚ್ಚು. ಅದನ್ನು ಗುರುತಿಸಲು ಒಂದು ಸುಲಭೋಪಾಯವಿದೆ. ‘ಎದುರಿಗೆ ನಿಂತ ಈ ಮನುಷ್ಯನು ತನ್ನ ನಡತೆಯಿಂದ ಈ ಸಂದೇಹವನ್ನು ಕಳೆಯಬಲ್ಲನೇ?’ ಎಂದು ಕೇಳಿಕೊಳ್ಳುವುದು. ಕಳೆಯಲಾರನೆಂದಾದರೆ ಸಂದೇಹವು ಅವನನ್ನು ಕುರಿತದ್ದಲ್ಲ, ಅವನ ಹುಟ್ಟನ್ನು ಕುರಿತದ್ದು.

ಎರಡನೆಯ ಲಕ್ಷಣವು ತಪ್ಪುವುದು ಇನ್ನೂ ನಿಗೂಢವಾದ ರೀತಿಯಲ್ಲಿ. ಏಕೆಂದರೆ ಅಲ್ಲಿ ದ್ವೇಷವೇ ಇರಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ 2014ರ ವಲಸೆ ಕಾಯಿದೆಯ ಪ್ರಕಾರ, ಬಾಡಿಗೆಗೆ ಬರುವ ಪ್ರತಿಯೊಬ್ಬ ವಯಸ್ಕನಿಗೂ ಆ ದೇಶದಲ್ಲಿರಲು ಹಕ್ಕುಂಟೇ ಎಂಬುದನ್ನು ಮನೆಯೊಡೆಯನೇ ಪರಿಶೀಲಿಸಬೇಕು. 2016ರ ಫೆಬ್ರವರಿ 1ರಿಂದ ಇದು ಇಂಗ್ಲೆಂಡಿನ ಎಲ್ಲೆಡೆಯಲ್ಲಿ ಜಾರಿಗೆ ಬಂದಿತು. ತಪ್ಪಿದವನಿಗೆ ದಂಡ, 2024ರ ಫೆಬ್ರವರಿಯಿಂದ ಮೊದಲ ತಪ್ಪಿಗೆ ಒಬ್ಬೊಬ್ಬ ನಿವಾಸಿಯ ಬಾಬ್ತು 10,000 ಪೌಂಡುಗಳವರೆಗೆ, ಮರುಕಳಿಸಿದರೆ 20,000 ಪೌಂಡುಗಳವರೆಗೆ ಅದನ್ನು ಏರಿಸಲಾಗಿದೆ. ಗಡಿಯಲ್ಲಿ ನಿಂತ ಕಾವಲುಗಾರನ ಕೆಲಸವು ಹೀಗೆ ಮನೆಯ ಹೊಸ್ತಿಲಿಗೆ ಬಂದಿತು. ಮನೆಯೊಡೆಯನು ಕೆಟ್ಟವನಾಗಿರಬೇಕಾಗಿಲ್ಲ, ಹೆದರಿದವನಾಗಿದ್ದರೆ ಸಾಕು. ಇಬ್ಬರು ಬಂದು ನಿಂತಾಗ ಒಬ್ಬನ ಕೈಯಲ್ಲಿ ಆ ದೇಶದ ಪಾಸ್‌ಪೋರ್ಟು ಇದ್ದು, ಇನ್ನೊಬ್ಬನ ಹಕ್ಕನ್ನು ಸರಕಾರದ ಜಾಲತಾಣದಲ್ಲಿ ಸಂಕೇತಸಂಖ್ಯೆಯಿಂದ ನೋಡಿ ತಿಳಿಯಬೇಕಾಗಿದ್ದರೆ, ಅವನು ಶ್ರಮವಿಲ್ಲದ ದಾರಿಯನ್ನೇ ಹಿಡಿಯುತ್ತಾನೆ. ಈ ವ್ಯವಸ್ಥೆಯ ಪರಿಣಾಮವಾಗಿ ಮನೆಯೊಡೆಯರು ಭೇದ ಮಾಡುತ್ತಿದ್ದಾರೆಂದು 2019ರ ಮಾರ್ಚಿನಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ನಿರ್ಣಯಿಸಿ, ಇದು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲವೆಂದು ಸಾರಿತು. 2020ರ ಏಪ್ರಿಲಿನಲ್ಲಿ ಮೇಲ್ಮನವಿಯ ನ್ಯಾಯಾಲಯವು ಕೆಲವು ಮನೆಯೊಡೆಯರು ಭೇದ ಮಾಡುತ್ತಿರುವುದನ್ನು ಒಪ್ಪಿಕೊಂಡಿತು. ಆದರೂ ಕಾಯಿದೆಯ ಉದ್ದೇಶಕ್ಕಾಗಿ ಆ ವ್ಯವಸ್ಥೆ ಸಮರ್ಥನೀಯವೆಂದು ಅದನ್ನು ಉಳಿಸಿತು. ನ್ಯಾಯಾಧೀಶರ ತೀರ್ಪು ಅಲ್ಲಿಗೆ ಮುಗಿಯಿತು. ಧರ್ಮದ ವಿಚಾರ ಅಲ್ಲಿಗೆ ಮುಗಿಯುವುದಿಲ್ಲ. ಅನ್ಯಾಯವು ದ್ವೇಷದಿಂದ ಮಾತ್ರ ಹುಟ್ಟುವುದೆಂಬುದು ಬಾಲಿಶವಾದ ನಂಬಿಕೆ. ಭಯದಿಂದಲೂ, ಭಯಕ್ಕಿಂತ ಹೆಚ್ಚಾಗಿ ಆಲಸ್ಯದಿಂದಲೂ ಅದು ಹುಟ್ಟುತ್ತದೆ. ಹತ್ತು ನಿಮಿಷದ ಪರಿಶೀಲನೆಯ ಶ್ರಮವನ್ನು ಒಬ್ಬನು ಉಳಿಸಿಕೊಂಡುದರಿಂದ ಇನ್ನೊಬ್ಬನು ಮೂರು ತಿಂಗಳು ಪರರ ಪಡಸಾಲೆಯಲ್ಲಿ ಮಲಗಬೇಕಾಯಿತೆಂದರೆ ಆ ಲೆಕ್ಕವನ್ನು ಯಾರು ಇಡುವರು?

ಹಾಗಾದರೆ ಇದಕ್ಕೆಲ್ಲ ಶಾಸನವೇ ಮದ್ದಲ್ಲವೇ ಎಂದು ಶಂಕಿಸಬಹುದು. ಶಾಸನವು ಮಾಡಿದ ಉಪಕಾರವನ್ನು ಮರೆಯತಕ್ಕದ್ದಲ್ಲ. ಬಾಡಿಗೆದಾರನ ಠೇವಣಿಯನ್ನು ಮನೆಯೊಡೆಯನು ಮಾನ್ಯತೆ ಪಡೆದ ರಕ್ಷಣಾಯೋಜನೆಯ ಅಧೀನಕ್ಕೆ ಒಪ್ಪಿಸಬೇಕೆಂಬ ನಿಯಮ 2007ರ ಏಪ್ರಿಲಿನಿಂದ ಇಂಗ್ಲೆಂಡಿನಲ್ಲಿದೆ. ವರ್ಷದ ಬಾಡಿಗೆಯು 50,000 ಪೌಂಡುಗಳಿಗಿಂತ ಕಡಿಮೆಯಿದ್ದರೆ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದೆಂದು 2019ರಲ್ಲಿ ಗೊತ್ತುಮಾಡಲಾಯಿತು. ಆಗ ಏನಾಯಿತು? ಜಾಮೀನುದಾರನಿಲ್ಲದ ಪರದೇಶಿಯಿಂದ ಆರು ತಿಂಗಳ ಬಾಡಿಗೆಯನ್ನು, ಕೆಲವೊಮ್ಮೆ ವರ್ಷದ ಬಾಡಿಗೆಯನ್ನೇ, ಮುಂಗಡವಾಗಿ ಕೇಳುವ ರೂಢಿಯು ಹಾಗೆಯೇ ನಡೆಯಿತು. 2025ರ ಅಕ್ಟೋಬರಿನಲ್ಲಿ ಅಂಗೀಕೃತವಾದ ಬಾಡಿಗೆದಾರರ ಹಕ್ಕುಗಳ ಕಾಯಿದೆಯು ಒಂದು ತಿಂಗಳಿಗಿಂತ ಹೆಚ್ಚಿನ ಮುಂಗಡವನ್ನು ನಿಷೇಧಿಸಿತು; ಅದರ ಆರಂಭದ ದಿನವಾಗಿ 2026ರ ಮೇ 1 ಗೊತ್ತಾಯಿತು. ಬಡವನಿಗೆ ಇದು ಉಪಕಾರವೇ ಸರಿ. ಆದರೆ ಜಾಮೀನುದಾರನೂ ಇಲ್ಲದೆ, ಹಣವನ್ನು ಮುಂದಾಗಿ ಕೊಟ್ಟು ವಿಶ್ವಾಸ ಗಳಿಸುವ ದಾರಿಯೂ ಇಲ್ಲದೆ ನಿಂತ ಹೊಸಬನನ್ನು ಮನೆಯೊಡೆಯನು ನಂಬುವನೇ? ಒಂದು ಬಾಗಿಲನ್ನು ಕಾಯಿದೆ ತೆರೆದರೆ ಶಂಕೆಯು ಇನ್ನೊಂದನ್ನು ಮುಚ್ಚಬಹುದು. ಮನುಷ್ಯನನ್ನು ಮೋಸದಿಂದ ಕಾಯುವ ಶಕ್ತಿ ಶಾಸನಕ್ಕಿದೆ. ಮನುಷ್ಯನಲ್ಲಿ ನಂಬಿಕೆ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಮನುಷ್ಯರಿಂದಲೇ ಆಗಬೇಕು.

ಇನ್ನು ಬಂದವನ ಧರ್ಮ. ತನಗೆ ಅನ್ಯಾಯವಾಗಿದೆಯೆಂಬುದು ಸುಳ್ಳು ಹೇಳಲು ಅಧಿಕಾರ ಕೊಡುವುದಿಲ್ಲ. ಇಲ್ಲದ ಸಂಬಳವನ್ನು ಬರೆಯುವುದು, ಇಬ್ಬರೆಂದು ಹೇಳಿ ಆರು ಜನ ಸೇರಿಕೊಳ್ಳುವುದು, ಬಾಡಿಗೆ ಉಳಿಸಿ ಊರಿಗೆ ಹಾರಿಬರುವುದು—ಇವುಗಳ ದಂಡವನ್ನು ತೆರುವವನು ಮಾಡಿದವನಲ್ಲ, ಅವನ ನಂತರ ಅದೇ ಬಾಗಿಲು ತಟ್ಟುವ ಮುಂದಿನ ಪರದೇಶಿ. ಒಬ್ಬನ ನಡತೆಯೇ ಇನ್ನೊಬ್ಬನ ಜಾಮೀನು. 1888ರಲ್ಲಿ ಲಂಡನ್ನಿಗೆ ಹೋದ ತರುಣ ಗಾಂಧಿಯವರು ಮಾಂಸ ಮುಟ್ಟದ ವ್ರತದಿಂದ ಮನೆಯೊಡತಿಗೆ ಏನು ಬೇಯಿಸಿ ಬಡಿಸಬೇಕೆಂಬುದೇ ತೋಚದಂತೆ ಮಾಡಿದ್ದರು. ಆದರೆ ಅವರು ವ್ರತವನ್ನು ಬಚ್ಚಿಡಲೂ ಇಲ್ಲ, ಅದಕ್ಕಾಗಿ ಯಾರನ್ನೂ ದೂರಲೂ ಇಲ್ಲ. ಮುಂದೆ ಒಂದೇ ಕೋಣೆ ಹಿಡಿದು, ಒಲೆಯಿಟ್ಟುಕೊಂಡು, ಕೈಯಡುಗೆ ಮಾಡಿಕೊಂಡು ಬಾಳಿದರು. ಜಾಗರೂಕತೆಯೂ ಬಂದವನ ಧರ್ಮವೇ. ಚಿತ್ರಗಳನ್ನು ತೋರಿಸಿ, ಇಲ್ಲದ ಮನೆಗೆ ಮುಂಗಡ ಹಣ ತರಿಸಿಕೊಂಡು ಮಾಯವಾಗುವ ವಂಚಕರು ದೊಡ್ಡ ಪಟ್ಟಣಗಳಲ್ಲೆಲ್ಲ ಇದ್ದಾರೆ. ತಾನಾಗಲಿ ತನ್ನವರಾಗಲಿ ಕಣ್ಣಾರೆ ನೋಡದ ಮನೆಗೆ ಊರಿನಿಂದಲೇ ಹಣ ಕಳುಹಿಸುವುದು ವಿಶ್ವಾಸವಲ್ಲ, ಅವಿವೇಕ.

ಮೂರನೆಯವನ ಧರ್ಮವೊಂದುಂಟು, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಅವನು ಮೊದಲೇ ಹೋಗಿ ನೆಲೆಯೂರಿದ ಪರದೇಶಿ. ಹೊಸಬನನ್ನು ಅವನಷ್ಟು ಬಲ್ಲವರಿಲ್ಲ. ಆದುದರಿಂದ ಅವನಷ್ಟು ಉಪಕಾರ ಮಾಡಬಲ್ಲವರೂ ಇಲ್ಲ, ಅವನಷ್ಟು ಸುಲಿಯಬಲ್ಲವರೂ ಇಲ್ಲ. ಲಂಡನ್ನಿನಲ್ಲಿ ಎರಡಕ್ಕೂ ನಿದರ್ಶನಗಳುಂಟು. 1905ರಲ್ಲಿ ಶ್ಯಾಮಜಿ ಕೃಷ್ಣವರ್ಮರು ಹೈಗೇಟ್ ಭಾಗದಲ್ಲಿ ಭಾರತೀಯ ವಿದ್ಯಾರ್ಥಿಗಳ ವಾಸಕ್ಕೆಂದು ‘ಇಂಡಿಯಾ ಹೌಸ್’ ತೆರೆದರು. ಅದು ಸ್ವಾತಂತ್ರ್ಯದ ಕಿಡಿಗಳು ಸೇರುವ ಸ್ಥಾನವೂ ಆಯಿತು. ವೆಸ್ಟ್ ಇಂಡೀಸಿನವರು ಬ್ಯಾಂಕುಗಳು ಸಾಲ ಕೊಡದಿದ್ದಾಗ ‘ಪಾರ್ಡ್ನರ್’ ಎಂಬ ತಮ್ಮ ಪದ್ಧತಿಯಂತೆ ವಾರವಾರ ಹಣ ಕೂಡಿಸಿ ಸರದಿಯಂತೆ ಒಬ್ಬೊಬ್ಬರಿಗೆ ಕೊಟ್ಟರು; ಕನ್ನಡ ನಾಡಿನ ಚೀಟಿಯೇ ಅದು. ಹೀಗೆ ಕೂಡಿಸಿದ ಹಣದಿಂದ ಮನೆ ಕೊಂಡವರು ತಮ್ಮವರಿಗೆ ಕೋಣೆ ಕೊಟ್ಟರು. ಇನ್ನೊಂದು ಕಡೆ, ಯುದ್ಧಾನಂತರ ಪೋಲೆಂಡಿನಿಂದ ನಿರಾಶ್ರಿತನಾಗಿ ಬಂದ ಪೀಟರ್ ರಾಕ್ಮನ್ ಎಂಬವನು ನಾಟಿಂಗ್ ಹಿಲ್ ಭಾಗದಲ್ಲಿ ಮನೆಗಳನ್ನು ಕೊಂಡು, ಬೇರೆಲ್ಲಿಯೂ ಎಡೆ ದೊರೆಯದ ಕಪ್ಪು ಜನರಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟನು. ಬಾಡಿಗೆದಾರರ ಶೋಷಣೆಗೆ ಇಂಗ್ಲಿಷ್ ಭಾಷೆಯಲ್ಲಿ ಅವನ ಹೆಸರೇ ಶಬ್ದವಾಗಿ ನಿಂತಿತು. ನಿರಾಶ್ರಿತನಾಗಿ ಪಟ್ಟ ದುಃಖವು ಮನುಷ್ಯನನ್ನು ತಾನಾಗಿಯೇ ದಯಾಳುವನ್ನಾಗಿ ಮಾಡುವುದಿಲ್ಲ. ಅದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮಾತ್ರ ಮಾಡುತ್ತದೆ.

ಆ ಬ್ರಿಕ್ಸ್‌ಟನ್ ಇರುವ ಲ್ಯಾಂಬೆತ್ ಎಂಬ ನಗರಭಾಗದಲ್ಲಿಯೇ, ಥೇಮ್ಸ್ ನದಿಯ ದಂಡೆಯ ಮೇಲೆ, 2015ರ ನವೆಂಬರ್ 14ರಂದು ಬಸವೇಶ್ವರರ ಪ್ರತಿಮೆಯ ಅನಾವರಣವಾಯಿತು. ಒಂದು ಕಾಲಕ್ಕೆ ಹೊಸಬರಿಗೆ ಕೋಣೆಯೂ ದುರ್ಲಭವಾಗಿದ್ದ ಭಾಗದಲ್ಲಿ ಕನ್ನಡದ ಶರಣರೊಬ್ಬರಿಗೆ ಸ್ಥಾನ ದೊರೆತುದು ಸಂತೋಷದ ಸಂಗತಿ. ಕಲ್ಯಾಣಕ್ಕೂ ದೂರ ದೂರದಿಂದ ಜನರು ಬಂದಿದ್ದರೆಂದು ಪರಂಪರೆ ಹೇಳುತ್ತದೆ. ಕಾಶ್ಮೀರದಿಂದ ಬಂದವರು ಕಟ್ಟಿಗೆಯ ಹೊರೆ ಮಾರಿ ಮೋಳಿಗೆಯ ಮಾರಯ್ಯನವರಾದರು. ಹೆಸರು ಬಂದುದು ಕಾಯಕದಿಂದ, ಊರಿನಿಂದಲ್ಲ. ಆದರೆ ಅದೇ ಪರಂಪರೆಯು ಇನ್ನೊಂದನ್ನೂ ಮರೆಮಾಚದೆ ಹೇಳುತ್ತದೆ. ಆಫ್ಘಾನಿಸ್ಥಾನದ ಕಡೆಯಿಂದ ಬಂದ ಮರುಳಶಂಕರದೇವರು ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿಯೇ ಹನ್ನೆರಡು ವರ್ಷಗಳ ಕಾಲ ಯಾರಿಗೂ ಗೊತ್ತಾಗದಂತೆ ಇದ್ದರು. ಪ್ರಭುದೇವರು ಬಂದು ತೋರಿಸುವವರೆಗೆ ಅವರನ್ನು ಗುರುತಿಸಿದವರಿಲ್ಲ. ಅಂಥ ಮನೆಯಲ್ಲಿಯೂ ಅಪರಿಚಿತನು ಕಣ್ಣಿಗೆ ಬೀಳದೆ ಇರಬಹುದಾದರೆ, ಸಾಮಾನ್ಯರು ಎಷ್ಟು ಎಚ್ಚರದಿಂದಿರಬೇಕು!

ಈ ಎಚ್ಚರವು ಲಂಡನ್ನಿನ ಮನೆಯೊಡೆಯನಿಗೆ ಮಾತ್ರ ಬೇಕಾದುದಲ್ಲ. ಅಲ್ಲಿ ಮಗನಿಗೆ ಮನೆ ದೊರೆಯಲಿಲ್ಲವೆಂದು ಇಲ್ಲಿ ಕಣ್ಣೀರು ಹಾಕುವ ತಂದೆಯು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ತನ್ನ ಮನೆಯ ಮುಂದೆ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುಹಾಕಿರಬಹುದು. ಬಂದು ಕೇಳಿದವನಿಗೆ ಅವನ ಮೊದಲನೆಯ ಪ್ರಶ್ನೆ ಯಾವುದು? ‘ಏನು ಕೆಲಸ ಮಾಡುತ್ತೀರಿ?’ ಎಂಬುದೇ, ‘ನೀವು ಯಾವ ಜನ?’ ಎಂಬುದೇ? ಎರಡನೆಯದಾದರೆ, ಆ ಪ್ರಶ್ನೆಯನ್ನು ಸಾವಿರಾರು ಮೈಲಿಗಳ ಆಚೆ ತನ್ನ ಮಗನಿಗೂ ಒಬ್ಬನು ಕೇಳುತ್ತಿರುವನೆಂಬುದನ್ನು ಅವನು ನೆನೆಯಬೇಕು. ಮಗನಿಗೆ ಯಾವ ನ್ಯಾಯವನ್ನು ಬಯಸುವನೋ ಆ ನ್ಯಾಯವನ್ನು ತನ್ನ ಹೊಸ್ತಿಲಲ್ಲಿ ನಡೆಸಿದರೆ ಮಾತ್ರ ಆ ಬಯಕೆಗೆ ಅಧಿಕಾರವುಂಟು.

ಬಾಡಿಗೆಯನ್ನು ಕೇಳಲಿ, ಠೇವಣಿಯನ್ನು ಕೇಳಲಿ, ನಡತೆಯನ್ನು ವಿಚಾರಿಸಲಿ. ಇವೆಲ್ಲವೂ ಒಳ್ಳೆಯವನು ದಾಟಬಲ್ಲ ಪರೀಕ್ಷೆಗಳು. ಪರಿಚಯವಿಲ್ಲದವನಿಗೆ ಪರಿಚಿತನಾಗಲು ಅವಕಾಶ ಕೊಡುವುದಷ್ಟೇ ಇಲ್ಲಿ ಧರ್ಮವು ಬೇಡುವುದು. ‘ಇವನನ್ನು ನಾನು ಬಲ್ಲೆ’ ಎಂಬ ಮಾತನ್ನು ಯಾರೋ ಒಬ್ಬರು ಮೊದಲು ಆಡಬೇಕು. ಆ ಮಾತು ಹುಟ್ಟಿದ ದಿನ ಪರದೇಶದಿಂದ ಬಂದವನು ಬರಿಯ ಪರದೇಶದವನಾಗಿ ಉಳಿಯುತ್ತಾನೆ. ಶಬ್ದದ ಎರಡನೆಯ ಅರ್ಥವು ಅವನನ್ನು ಬಿಟ್ಟುಹೋಗುತ್ತದೆ.